ಬೆಳ್ಯಪ್ಪಣ್ಣನ ಎಲೆಗೆ ಶೀಲಕ್ಕ ಇಟ್ಟದ್ದು

ಬೆಳ್ಳಾರೆಯಲ್ಲಿ ಅಕ್ಕಿ ಹುಡಿ ಮಾಡಿಸಬೇಕಾದರೆ ನಾವೆಲ್ಲ ಶೀಲಕ್ಕನ ಮಿಲ್ಲಿಗೆ ಹೋಗುತ್ತೇವೆ. ಬೋರ್ಡಿನಲ್ಲಿ ಇರುವುದು ಅವರ ಗಂಡ ಬೆಳ್ಯಪ್ಪ ಗೌಡರ ಹೆಸರು. ಬಣ್ಣ ಮಾಸಿದಾಗಲೆಲ್ಲ ಅದೇ ಹೆಸರಿನ ಮೇಲೆ ಹೊಸ ಬಣ್ಣ ಕೊಡಿಸುವವರು ಶೀಲಕ್ಕನೇ. ಆದರೆ ಪೇಟೆಯಲ್ಲಿ ಆಟೋದವರಿಗೆ ಆ ಹೆಸರು ಹೇಳಿದರೆ ಒಂದು ಕ್ಷಣ ಯೋಚಿಸುತ್ತಾರೆ. ಶೀಲಕ್ಕನ ಮಿಲ್ಲು ಅಂದರೆ ನೇರ ತಂದು ಬಿಡುತ್ತಾರೆ.

ಮದುವೆಯಾಗಿ ಬಂದ ಹೊಸದರಲ್ಲಿ ಅವರಿಗೆ ಮಿಲ್ಲಿನೊಳಗೆ ಕೆಲಸವಿರಲಿಲ್ಲ. ಸೀರೆ ಬೆಲ್ಟಿಗೆ ಸಿಕ್ಕಿದರೆ ಕಷ್ಟ, ಹೆಂಗಸರು ಮೋಟರಿನ ಹತ್ತಿರ ಬರಬಾರದು ಎಂದು ಬೆಳ್ಯಪ್ಪಣ್ಣ ಬಾಗಿಲಲ್ಲೇ ನಿಲ್ಲಿಸುತ್ತಿದ್ದರಂತೆ. ಬೆಳ್ಯಪ್ಪಣ್ಣ ಕೆಲಸದಲ್ಲಿ ಗಟ್ಟಿ ಮನುಷ್ಯ. ಆಮೇಲೆ ಕುಡಿತ ಬಂತು. ಮೊದಲು ಸಂಜೆ, ಮತ್ತೆ ಮಧ್ಯಾಹ್ನ. ಮೆಣಸಿನ ಹುಡಿಯ ಮೆಷಿನಿನ ಹಿಂದೆ ಬಾಟ್ಲಿ ಇರುತ್ತಿತ್ತು. ಒಂದು ದಿನ ಜನ ಚೀಲ ಹಿಡಿದುಕೊಂಡು ಸಾಲಾಗಿ ನಿಂತಿದ್ದಾರೆ, ಇವರು ಚೀಲಗಳ ಮೇಲೆಯೇ ಮಲಗಿಬಿಟ್ಟಿದ್ದಾರೆ. ಶೀಲಕ್ಕ ಒಳಗಿನಿಂದ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ವಿಚ್ಚು ಹಾಕಿದರು. ಮೊದಲ ಚೀಲದ ಹುಡಿ ಸ್ವಲ್ಪ ತರಿತರಿಯಾಯಿತು, ಎರಡನೆಯದು ಸರಿಯಾಯಿತು. ಅಂದಿನಿಂದ ಮಿಲ್ಲು ಅವರದ್ದು.

ಬೆಳ್ಯಪ್ಪಣ್ಣ ತೀರಿಕೊಂಡದ್ದು ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ, ಲಿವರ್ ಕೆಟ್ಟು. ಕಾರ್ಯಗಳೆಲ್ಲ ಮುಗಿದ ಸಂಜೆ ಶೀಲಕ್ಕ ದೇವರ ದೀಪದ ಎದುರು ನಿಂತು ಒಂದು ಮಾತು ಕೊಟ್ಟರು. ಇನ್ನು ಈ ಮನೆಯ ಹೊಸ್ತಿಲು ದಾಟಿ ಅಂಗಡಿಯ ಬ್ರಾಂಡಿ ಒಳಗೆ ಬರಬಾರದು. ಶುಕ್ರವಾರದ ಭಜನೆಗೆ ನಾವು ಜೊತೆಗೇ ಹೋಗುವವರು. ಈ ಮಾತನ್ನು ಅವರು ನನಗೆ ಹೇಳಿದ್ದು ಎಷ್ಟೋ ಕಾಲದ ನಂತರ, ಭಜನೆ ಮುಗಿಸಿ ಬರುವ ದಾರಿಯಲ್ಲಿ. ದೇವರಿಗೆ ಕೊಟ್ಟ ಮಾತನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವ ಜನ ಅವರಲ್ಲ.

ಮಾತು ಮುರಿದದ್ದು ಮರುವರ್ಷದ ಆಟಿಯಲ್ಲಿ.

ಮಳೆ ಜೋರಾಗಿ ಹೊಡೆಯುವ ಆಟಿ ತಿಂಗಳಲ್ಲಿ ಅವರ ಮನೆತನದಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವ ಕ್ರಮವಿದೆ. ಒಳಕೋಣೆಯಲ್ಲಿ ದೀಪ ಹಚ್ಚಿ, ಸಾಲಾಗಿ ಬಾಳೆಲೆ ಹಾಕಿ, ಕೋಳಿ ಸಾರು, ರೊಟ್ಟಿ, ಪಾಯಸ ಎಲ್ಲ ಬಡಿಸಿ ಬಾಗಿಲು ಎಳೆದುಕೊಂಡು ಹೊರಗೆ ಬರುತ್ತಾರೆ. ಒಳಗೆ ಹಿರಿಯರು ಉಣ್ಣುತ್ತಾರೆ ಎಂದು ನಂಬಿಕೆ. ಹೊರಗೆ ಮಕ್ಕಳೂ ಗಲಾಟೆ ಮಾಡುವಂತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮನೆತನದ ಹಿರಿಯ ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗುತ್ತಾನೆ. ತೀರಿಹೋದವರಿಗೆ ಬದುಕಿರುವಾಗ ಇಷ್ಟವಾಗಿದ್ದದ್ದು ಅವರವರ ಎಲೆಯ ಬಳಿ ಇರಬೇಕು. ಎಲೆಯ ಬದಿಗಿಟ್ಟ ಲೋಟದಲ್ಲಿರುವುದನ್ನು ಆಮೇಲೆ ಗಂಡಸರು ಪ್ರಸಾದವೆಂದು ಕುಡಿಯುತ್ತಾರೆ. ಅಪ್ಪನ ಎಲೆಯದ್ದು ಮಗನ ಕೈಗೆ ಹೋಗುತ್ತದೆ.

ಬೆಳ್ಯಪ್ಪಣ್ಣನ ಎಲೆಯ ಬಳಿ ಏನಿಡಬೇಕೆಂದು ಯಾರೂ ಕೇಳಬೇಕಾಗಿರಲಿಲ್ಲ. ಅವರ ಅಣ್ಣ ಚನಿಯಪ್ಪ ಗೌಡರು ಇಚಿಲಂಪಾಡಿಯಿಂದ ಬರುವಾಗಲೇ ಚೀಲದಲ್ಲಿ ಬಾಟ್ಲಿ ತಂದಿದ್ದರು. ಶೀಲಕ್ಕ ಬೇಡವೆಂದರೆ ಸತ್ತ ಗಂಡನಿಗೇ ಬೇಡವೆಂದ ಹಾಗೆ. ಲೋಟ ತೊಳೆದು ಕೊಟ್ಟರು. ಬಾಗಿಲು ತೆರೆದ ಮೇಲೆ ಚನಿಯಪ್ಪಣ್ಣ ಲೋಟವನ್ನು ಶೀಲಕ್ಕನ ಮಗ ಉಲ್ಲಾಸನಿಗೆ ಕೊಟ್ಟು, "ಅಪ್ಪನ ಎಲೆಯದ್ದು, ಬೇಡ ಹೇಳ್ಲಿಕ್ಕಿಲ್ಲ" ಎಂದರು. ಹುಡುಗ ಮುಖ ಕಿವಿಚಿಕೊಂಡು ಕುಡಿದ. ಉಳಿದ ಬಾಟ್ಲಿ ಜಗಲಿಗೆ ಹೋಯಿತು. ಗಂಡಸರು ಅದು ಖಾಲಿಯಾಗುವ ತನಕ ಅಲ್ಲಿ ಕೂತರು. ಹೆಂಗಸರು ಆರಿದ ಅನ್ನದ ಎದುರು ಕಾದರು.

ಅದರ ಮುಂದಿನ ವರ್ಷ ದೊಡ್ಡಪ್ಪ ಹೇಳುವ ಮೊದಲೇ ಉಲ್ಲಾಸ್ ಕೈ ಚಾಚಿದ. ಶೀಲಕ್ಕ ನನಗೆ ಈ ಕಥೆ ಹೇಳುವಾಗ ಅಲ್ಲಿ ನಿಂತರು. "ಕುಡಿದದ್ದಲ್ಲ ಅಕ್ಕ, ಅವನ ಕೈ ಚಾಚಿದ್ದು ಉಂಟಲ್ಲ, ಅದು ಅವನ ಅಪ್ಪನ ಕೈಯ ಹಾಗೇ ಇತ್ತು" ಎಂದರು. ಆಮೇಲೆ ಮಗ ಪುತ್ತೂರಿನಲ್ಲಿ ವೈರಿಂಗ್ ಕೆಲಸಕ್ಕೆ ಹೋಗತೊಡಗಿದ. ಕೆಲವು ಸಂಜೆ ಬಾಯಿತುಂಬ ಸೋಂಪು ಜಗಿಯುತ್ತ ಮನೆಗೆ ಬರುತ್ತಿದ್ದ. ಏನಾದರೂ ಕೇಳಿದರೆ, ಅಪ್ಪನ ಪ್ರಸಾದ ಕುಡಿಯಬಹುದು, ಬೇರೆ ಕುಡಿಯಬಾರದಾ ಎಂದು ನಗುತ್ತಿದ್ದ.

ಒಮ್ಮೆ ಶೀಲಕ್ಕ ಲೋಟದಲ್ಲಿ ಎಳನೀರು ಇಟ್ಟು ನೋಡಿದರು. ಚನಿಯಪ್ಪಣ್ಣ ಮೂಸಿ ನೋಡಿ, "ಬೆಳ್ಯಪ್ಪನಿಗೆ ಎಂತ ಜ್ವರವಾ ಮಾರಾಯ್ತಿ, ಎಳನೀರು ಕೊಡ್ಲಿಕ್ಕೆ?" ಎಂದು ಎಲ್ಲರೆದುರು ಕೇಳಿದರು. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಹಿರಿಯರ ಎಲೆಯ ಬಳಿ ಇಡುವುದು ಹುಳಿದು ನೊರೆ ಬಂದದ್ದಾಗಬೇಕು, ಕುಡಿದರೆ ಸ್ವಲ್ಪವಾದರೂ ಅಮಲು ಬರಬೇಕು, ಹಾಗಿದ್ದರೇ ಅದು ಅವರಿಗೆ ಮುಟ್ಟುವುದು ಎಂದು ಅವರು ವಿವರಿಸಿದರು. ಆ ಸಿಟ್ಟಿನಲ್ಲೇ ಇನ್ನೊಂದು ಮಾತೂ ಹೇಳಿದರು. ತಮ್ಮ ಅಜ್ಜಿಯ ಕಾಲದಲ್ಲಿ ಅಂಗಡಿಯ ಬಾಟ್ಲಿ ಎಲ್ಲಿತ್ತು, ಎಲೆಗೆ ಇಡುವಷ್ಟನ್ನು ಮನೆಯ ಹೆಂಗಸರೇ ಮಡಕೆಯಲ್ಲಿ ಹುಳಿಯಲು ಇಡುತ್ತಿದ್ದರು, ಈಗಿನವರಿಗೆ ಅದೆಲ್ಲ ಎಲ್ಲಿ ಬರುತ್ತದೆ ಎಂದು.

ಬೇರೆಯವರಾಗಿದ್ದರೆ ಬೈಗುಳವೆಂದು ಮರೆಯುತ್ತಿದ್ದರು. ಶೀಲಕ್ಕ ಅದನ್ನು ಜೋಪಾನವಾಗಿ ತೆಗೆದಿಟ್ಟುಕೊಂಡರು. ಅಂಗಡಿಯದ್ದೇ ಆಗಬೇಕೆಂದು ಕ್ರಮದಲ್ಲಿ ಇಲ್ಲ. ಮನೆಯಲ್ಲಿ ಹುಳಿದದ್ದೂ ಆಗುತ್ತದೆ. ಆದರೆ ಮಡಕೆಯಲ್ಲಿ ಹುಳಿಸುವುದನ್ನು ಕಲಿಸಲು ಆ ಅಜ್ಜಿ ಈಗ ಇರಲಿಲ್ಲ.

ಕಲಿಸಿದವಳು ಉಲ್ಲಾಸನನ್ನು ಮದುವೆಯಾಗಿ ಬಂದ ಸೊಸೆ ಭವಿತಾ. ಮದುವೆಗೆ ಮೊದಲು ಅವಳು ಗೋವಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಆಟಿ ಹತ್ತಿರ ಬಂದಾಗ ಅತ್ತೆ ಮಂಕಾಗುವುದನ್ನು ಕಂಡು ವಿಷಯ ಕೇಳಿ ತಿಳಿದುಕೊಂಡಳು. ಆ ಹೋಟೆಲಿನ ಯಜಮಾನರು ಹಾರ್ಡ್ ಸೆಲ್ಟ್ಸರ್ ಎಂಬ ಒಂದು ಪಾನೀಯವನ್ನು ತಾವೇ ಮಾಡಿಕೊಳ್ಳುತ್ತಿದ್ದರಂತೆ. ನೋಡಲಿಕ್ಕೆ ಸೋಡಾ. ಬಣ್ಣವಿಲ್ಲ, ಸಿಹಿಯಿಲ್ಲ, ನೊರೆ ಏಳುತ್ತದೆ, ಅಮಲು ಇದ್ದೂ ಇಲ್ಲದ ಹಾಗೆ. ಸಕ್ಕರೆ ನೀರು ಕುದಿಸಿ ಆರಿಸಿ ಯೀಸ್ಟ್ ಹಾಕಿಟ್ಟರೆ ಅದು ಸಕ್ಕರೆಯನ್ನೆಲ್ಲ ತಿಂದು ಮುಗಿಸುತ್ತದೆ. ತಿಳಿಯನ್ನು ಬಾಟ್ಲಿಗೆ ಬಗ್ಗಿಸಿ, ಮತ್ತೆ ಚೂರು ಸಕ್ಕರೆ ಹಾಕಿ ಬಿಗಿಯಾಗಿ ಮುಚ್ಚಿಟ್ಟರೆ ಒಳಗೇ ಗ್ಯಾಸು ತುಂಬುತ್ತದೆ. ಅಷ್ಟೇ, ಅತ್ತೆ, ಎಂದಳು ಭವಿತಾ.

ಅಷ್ಟೇ ಆಗಿರಲಿಲ್ಲ. ಮೊದಲ ಭರಣಿ ಬೇಕರಿಯ ಯೀಸ್ಟಿನ ವಾಸನೆ ಹೊಡೆದು, ಹಳಸಿದ ಬನ್ನನ್ನು ನೀರಲ್ಲಿ ಅದ್ದಿದ ಹಾಗಾಯಿತು. ಅದು ತೆಂಗಿನ ಬುಡಕ್ಕೆ ಹೋಯಿತು. ಎರಡನೆಯದು ಒಂದೆರಡು ದಿನ ಗುಳುಗುಳು ಎಂದು ಮತ್ತೆ ನಿಂತೇ ಹೋಯಿತು. ಮುಚ್ಚಳ ತೆರೆದರೆ ಕೊಳೆತ ಮೊಟ್ಟೆಯ ನಾತ. ಬರೀ ಸಕ್ಕರೆಯಲ್ಲಿ ಯೀಸ್ಟಿಗೆ ಹೊಟ್ಟೆ ತುಂಬುವುದಿಲ್ಲ, ಹೋಟೆಲಿನಲ್ಲಿ ಬೇರೆ ಒಂದು ಹುಡಿ ಹಾಕುತ್ತಿದ್ದರು, ಅದರ ಹೆಸರು ನೆನಪಿಲ್ಲ ಎಂದು ಭವಿತಾ ಅಳುವ ಹಾಗೆ ನಿಂತಳು. ಹೊಟ್ಟೆ ತುಂಬಬೇಕಾದರೆ ಮಕ್ಕಳಿಗೆ ಕೊಡುವುದನ್ನೇ ಕೊಡೋಣ ಎಂದು ಶೀಲಕ್ಕ ಮಿಲ್ಲಿನಿಂದ ಮೊಳಕೆ ರಾಗಿಯ ಹುಡಿ ತಂದರು, ಒಂದು ಚಮಚ ಬಟ್ಟೆಯಲ್ಲಿ ಕಟ್ಟಿ ನೀರಿನ ಜೊತೆ ಕುದಿಸಿದರು. ಇಬ್ಬರಿಗೂ ನಂಬಿಕೆಯಿರಲಿಲ್ಲ. ಮೂರನೆಯ ಭರಣಿ ಅಂದಿನ ರಾತ್ರಿಯೇ ಮಾತಾಡಲು ಶುರುಮಾಡಿ, ಮುಗಿಯುವ ತನಕ ನಿಲ್ಲಲಿಲ್ಲ.

ಗಾಳಿ ಒಳಗೆ ಹೋಗದೆ ಗ್ಯಾಸು ಹೊರಗೆ ಬರಲು ಔಷಧಿ ಅಂಗಡಿಯಿಂದ ಗ್ಲುಕೋಸ್ ಪೈಪು ತಂದು ಮುಚ್ಚಳಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿದ್ದರು. ಭರಣಿ ಇದ್ದದ್ದು ದೇವರ ಕೋಣೆಯ ಗೋಡೆಯ ಹೊರಬದಿಗೆ. ಬೆಳಿಗ್ಗೆ ದೀಪ ಹಚ್ಚುವಾಗ ಆ ಗುಳುಗುಳು ಕೇಳಿಸುತ್ತಿತ್ತಂತೆ. ಶೀಲಕ್ಕ ಅದನ್ನು ನೈವೇದ್ಯದ ಅಡುಗೆಯ ಹಾಗೆಯೇ ಮಾಡುತ್ತಿದ್ದರು. ಸ್ನಾನ ಮಾಡದೆ ಮುಟ್ಟುತ್ತಿರಲಿಲ್ಲ, ಎಂಜಲು ಕೈ ತಾಗಿಸುತ್ತಿರಲಿಲ್ಲ. ಉಲ್ಲಾಸ್ ತಮಾಷೆ ಮಾಡುತ್ತಿದ್ದ. "ಅಮ್ಮ, ಅಬಕಾರಿಯವರು ಬಂದ್ರೆ ನಿನ್ನನ್ನು ಕರ್ಕೊಂಡು ಹೋಗುದು, ನನ್ನನ್ನಲ್ಲ." ಅಮ್ಮನೂ ಬಿಡಲಿಲ್ಲ. "ಹೋಗ್ಲಿ. ಅಲ್ಲಿ ನಿನ್ನ ಸೋಂಪಿನ ವಾಸನೆ ಇರುದಿಲ್ಲ" ಎಂದರು. ಮಾರುವ ಮಾತು ಆ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಎಲೆಗೆ ಇಡುವಷ್ಟು, ಬಂದವರಿಗೆ ಒಂದೊಂದು ಲೋಟ ಪ್ರಸಾದವಾಗುವಷ್ಟು, ಹೆಚ್ಚಿಲ್ಲ.

ಬಾಟ್ಲಿ ಬೇಕಾಯಿತು. ಪೇಟೆಯಲ್ಲಿ ಹಂಝಾಕ ಹಿಂದೆ ಸೋಡಾ ಮಾಡುತ್ತಿದ್ದವರು. ಈಗ ಕಂಪೆನಿಯ ಪ್ಲಾಸ್ಟಿಕ್ ಬಾಟ್ಲಿಗಳನ್ನೇ ಮಾರುತ್ತಾರೆ. ಅವರ ಅಂಗಡಿಯ ಹಿಂದೆ ಹಳೆಯ ದಪ್ಪ ಗಾಜಿನ ಬಾಟ್ಲಿಗಳು, ತಗಡಿನ ಮುಚ್ಚಳ ಒತ್ತುವ ಕೈಯಂತ್ರ ಎಲ್ಲ ಬಿದ್ದುಕೊಂಡಿದ್ದವು. ಶೀಲಕ್ಕ ಹೋಗಿ ಏನಕ್ಕೆಂದು ಮುಚ್ಚಿಡದೆ ಹೇಳಿದರು. ಹಂಝಾಕ ಸ್ವಲ್ಪ ಹೊತ್ತು ಗಡ್ಡ ನೇವರಿಸಿಕೊಂಡರು. "ಶೀಲಕ್ಕ, ಅದಕ್ಕಾದ್ರೆ ನಾನು ಮಾರುದಿಲ್ಲ, ಬಾಡಿಗೆಗೂ ಕೊಡುದಿಲ್ಲ. ನನ್ನ ದೀನಿಗೆ, ಧರ್ಮಕ್ಕೆ ಆಗುದಿಲ್ಲ" ಎಂದರು. ಶೀಲಕ್ಕ ಸರಿಯೆಂದು ಹೊರಟಾಗ ಮತ್ತೆ ಕರೆದು, "ಹಿಂದೆ ಇರುದೆಲ್ಲ ಗುಜರಿಗೆ ಬಿಸಾಡಿದ್ದು. ಗುಜರಿ ಯಾರು ಹೆಕ್ಕಿಕೊಂಡು ಹೋಗ್ತಾರೆ ಅಂತ ನಾನು ನೋಡ್ಲಿಕ್ಕೆ ಹೋಗುದಿಲ್ಲ" ಎಂದು ಪತ್ರಿಕೆ ಬಿಡಿಸಿ ಮುಖದ ಎದುರು ಹಿಡಿದುಕೊಂಡರು.

ಹೆಕ್ಕಿ ತಂದದ್ದು ಎಲ್ಲದಕ್ಕೂ ಸಾಲಲಿಲ್ಲ. ಮನೆಯಲ್ಲಿ ಎಣ್ಣೆ ತುಂಬಿಸಲೆಂದು ತೊಳೆದಿಟ್ಟ ಬಾಟ್ಲಿಗಳಿದ್ದವು. ಬೆಳ್ಯಪ್ಪಣ್ಣ ಕುಡಿದು ಖಾಲಿ ಮಾಡಿದ ಬ್ರಾಂಡಿಯ ಬಾಟ್ಲಿಗಳು. ಒಳ್ಳೆಯ ಗಾಜನ್ನು ಬಿಸಾಡುವುದು ನಮ್ಮ ಕಡೆ ಯಾರಿಗೂ ಮನಸ್ಸಾಗದ ಕೆಲಸ. ಉಳಿದದ್ದನ್ನು ಅವುಗಳಿಗೆ ತುಂಬಿಸಿ ತಿರುಪಿನ ಮುಚ್ಚಳ ಬಿಗಿದರು. ಗಜನಿಂಬೆಯ ಸಿಪ್ಪೆಯ ಒಂದೊಂದು ಎಳೆ ಹಾಕಿದರು. ತಂಪಾದ ಕಡೆ ಇಡಬೇಕು ಎಂದು ಭವಿತಾ ಹೇಳಿದ್ದಳು. ಅವಳು ಹಬ್ಬದ ಸಾಮಾನಿಗೆ ಸುಳ್ಯಕ್ಕೆ ಹೋದ ದಿನ ಶೀಲಕ್ಕ ಬಾಟ್ಲಿಗಳನ್ನು ಮುಟ್ಟಿ ನೋಡಿದರು. ಆಟಿಯ ತೇವಕ್ಕೆ ಹೊರಗೆಲ್ಲ ಬೆವರಿದ ಹಾಗೆ ಪಸೆ. ಈ ತಿಂಗಳಲ್ಲಿ ಹಪ್ಪಳ, ಹುಣಸೆ, ಬೀಜ, ಏನೇ ಆದರೂ ಬೂಸ್ಟು ಹಿಡಿಯದಿರಲು ನಾವು ಇಡುವ ಜಾಗ ಒಂದೇ, ಬಚ್ಚಲಿನ ಒಲೆಯ ಮೇಲಿನ ಅಟ್ಟ. ಶೀಲಕ್ಕ ಬಾಟ್ಲಿಗಳನ್ನೂ ಜೋಪಾನವಾಗಿ ಗೋಣಿಯಲ್ಲಿ ಸುತ್ತಿ ಅಲ್ಲೇ ಇಟ್ಟರು.

ಬಡಿಸುವ ಹಿಂದಿನ ಸಂಜೆ ಚನಿಯಪ್ಪಣ್ಣ ಬಸ್ಸಿನಿಂದಿಳಿದು ಬಂದರು. ಚೀಲದಲ್ಲಿ ಬಾಟ್ಲಿಯ ಕುತ್ತಿಗೆ ಕಾಣುತ್ತಿತ್ತು. ಈ ಸಲ ಮನೆಯಲ್ಲೇ ಹುಳಿಸಿದ್ದೇನೆ, ಅದನ್ನೇ ಇಡುವುದು ಎಂದು ಶೀಲಕ್ಕ ಹೇಳಿದರು. ನೋಡುವ, ನಾಳೆ ನೊರೆ ಬಂದರೆ ಒಪ್ಪುವ, ಇಲ್ಲದಿದ್ದರೆ ಇದು ಉಂಟಲ್ಲ ಎಂದು ಚೀಲ ತಟ್ಟಿ ಅವರು ಸ್ನಾನಕ್ಕೆ ಹೋದರು. ಅವರಿಗೆಂದು ಒಲೆಗೆ ಚೆನ್ನಾಗಿ ಬೆಂಕಿ ಹಾಕಿತ್ತು.

ಅವರು ಮೈಗೆ ಸೋಪು ಹಚ್ಚಿಕೊಂಡಿದ್ದಾಗ ಮೇಲೆ ಢಮ್ ಎಂದಿತು. ಹಿಂದೆಯೇ ಇನ್ನೊಂದು. ಮತ್ತೊಂದು. ಚನಿಯಪ್ಪಣ್ಣ ಮೈ ಒರೆಸುವ ತುಂಡು ಬೈರಾಸನ್ನು ಸುತ್ತಿಕೊಂಡು ಅಂಗಳಕ್ಕೆ ಓಡಿ ಬಂದರು. ತಲೆಯಿಂದ ನೀರಲ್ಲ, ಗಜನಿಂಬೆಯ ಪರಿಮಳದ ಪಾನೀಯ ಇಳಿಯುತ್ತಿತ್ತು. ಹಲಗೆಯೂ ಗೋಣಿಯೂ ಇದ್ದುದರಿಂದ ಗಾಜು ಮೈಗೆ ತಾಗಲಿಲ್ಲ. ಜಗಲಿಯಲ್ಲಿ ಕೂತು, ಬೆಳ್ಯಪ್ಪನಿಗೆ ಸಿಟ್ಟು ಬಂದಿದೆ, ಅವನದ್ದನ್ನು ಅವನಿಗೆ ಕೊಡದೆ ಆಟವಾಡಿದ್ದಕ್ಕೆ ಹೀಗಾದದ್ದು ಎಂದರು. ನಾಳೆ ತಾನು ತಂದದ್ದೇ ಎಲೆಗೆ ಇರಬೇಕು, ಇಲ್ಲದಿದ್ದರೆ ಇನ್ನು ಬಡಿಸುವ ಕೆಲಸ ಇಚಿಲಂಪಾಡಿಯಲ್ಲೇ ಆಗಲಿ, ಈ ಮನೆಯಲ್ಲಿ ಬೇಡ ಎಂದೂ ಹೇಳಿದರು.

ಉಲ್ಲಾಸ್ ಟಾರ್ಚು ಹಿಡಿದು ಅಟ್ಟಕ್ಕೆ ಹತ್ತಿದ. ಮೇಲಿಂದಲೇ ಕೂಗಿ ಹೇಳಿದ, ಸೋಡಾ ಬಾಟ್ಲಿಗಳು ಒಂದೂ ಒಡೆದಿಲ್ಲ, ಒಡೆದದ್ದೆಲ್ಲ ಅಪ್ಪನ ಬ್ರಾಂಡಿ ಬಾಟ್ಲಿಗಳು ಮಾತ್ರ ಎಂದು.

ಚನಿಯಪ್ಪಣ್ಣ ಬೈರಾಸನ್ನು ಇನ್ನೊಮ್ಮೆ ಬಿಗಿಯಾಗಿ ಸುತ್ತಿಕೊಂಡು, ಹಾಗಾದರೆ ಬೆಳ್ಯಪ್ಪನಿಗೇ ಬ್ರಾಂಡಿ ಬೇಡವಾಗಿದೆಯಾ ಎಂದು ಮೆಲ್ಲಗೆ ಕೇಳಿದರು. ಭವಿತಾ ಅತ್ತೆಯ ಕೈ ಒತ್ತಿದಳು. ಹೌದೆಂದು ಒಂದು ಮಾತು ಹೇಳಿದ್ದರೆ ಕೆಲಸ ಮುಗಿಯುತ್ತಿತ್ತು.

ಶೀಲಕ್ಕ ಹೌದೆನ್ನಲಿಲ್ಲ. "ಅದು ಗಾಜು ತೆಳು, ಭಾವ. ನಾನು ಬಿಸಿಯಲ್ಲಿ ಇಟ್ಟದ್ದು ತಪ್ಪು. ಅವರ ಹೆಸರಲ್ಲಿ ಸುಳ್ಳು ಹೇಳಿ ಅವರ ಎಲೆಗೆ ಇಡ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದರು. ಆಮೇಲೆ, ಆ ತನಕ ಯಾರಿಗೂ ಹೇಳದ್ದನ್ನು ಹೇಳಿದರು. "ಆಸ್ಪತ್ರೆಯಲ್ಲಿ ಕೊನೆಗೆ ಅವರು ಕೇಳಿದ್ದು ಬ್ರಾಂಡಿ ಅಲ್ಲ. ಶೀಲಾ, ಹಂಝಾಕನ ಸೋಡಾ ಒಂದು ಸಿಗ್ಬಹುದಾ ಅಂತ ಕೇಳಿದ್ರು. ಡಾಕ್ಟ್ರು ಬಿಡ್ಲಿಲ್ಲ. ಹಂಝಾಕ ಸೋಡಾ ಮಾಡುದನ್ನೂ ಬಿಟ್ಟಿದ್ರು. ಇಷ್ಟವಾದದ್ದು ಇಡ್ಬೇಕು ಅಂದ್ರೆ ಅದು ಯಾವುದು ಅಂತ ನೀವೇ ಹೇಳಿ. ನೀವು ಹಿರಿಯರು. ನಿಮ್ಮ ಬಾಟ್ಲಿ ಅಂತ ಹೇಳಿದ್ರೆ ನಾನು ಅಡ್ಡ ಬರುದಿಲ್ಲ. ಆದ್ರೆ ಅದು ನನ್ನ ಮಗನ ಕೈಗೆ ಹೋಗುದನ್ನು ನೋಡ್ಲಿಕ್ಕೆ ನಾನು ಆ ಹೊತ್ತಿಗೆ ಮನೆಯಲ್ಲಿ ಇರುದಿಲ್ಲ."

ಉಲ್ಲಾಸ್ ಅಟ್ಟದಿಂದಿಳಿದು ಬಂದು ಬಾಗಿಲಲ್ಲಿ ನಿಂತಿದ್ದ. ಅವನು ಅಪ್ಪನ ಆ ಮಾತು ಕೇಳಿದ್ದು ಅದೇ ಮೊದಲು. ಚನಿಯಪ್ಪಣ್ಣ ಆ ರಾತ್ರಿ ಉಂಡು, ಚೀಲವನ್ನು ತಲೆಯ ಬಳಿ ಇಟ್ಟುಕೊಂಡು ಮಲಗಿದರು.

ಮರುದಿನ ಎಲೆಗಳನ್ನು ಹಾಕಿ ಎಲ್ಲ ಬಡಿಸಿಯಾಯಿತು. ಬೆಳ್ಯಪ್ಪಣ್ಣನ ಎಲೆಯ ಬಳಿ ಖಾಲಿ ಲೋಟ. ಶೀಲಕ್ಕ ಗೋಡೆಗೊರಗಿ ನಿಂತು ಮನಸ್ಸಿನಲ್ಲೇ ದೇವರ ಹೆಸರು ಹೇಳುತ್ತಿದ್ದರು. ಚನಿಯಪ್ಪಣ್ಣ ತನ್ನ ಚೀಲದ ಕಡೆ ನೋಡಿದರು. ಮತ್ತೆ ಸೊಸೆಗೆ, "ಮಗಾ, ಅದನ್ನು ತಾ" ಎಂದರು. ಭವಿತಾ ಬಾವಿಕಟ್ಟೆಯ ಬಳಿ ತಣ್ಣೀರಿನಲ್ಲಿಟ್ಟಿದ್ದ ಸೋಡಾ ಬಾಟ್ಲಿಯನ್ನು ಒರೆಸಿ ತಂದಳು. ಮುಚ್ಚಳ ಎತ್ತಿದಾಗ ಸುಯ್ ಎಂದಿತು. ಲೋಟದಲ್ಲಿ ನೊರೆ ಬಾಯಿತನಕ ಬಂದು, ಚೆಲ್ಲದೆ, ಚಿರಿಚಿರಿ ಎನ್ನುತ್ತ ಇಳಿಯಿತು. ಉಳಿದದ್ದು ಕನ್ನಡಿಯ ಹಾಗೆ ತಿಳಿ.

ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತರು. ಒಳಗಿನಿಂದ ಆ ಸಣ್ಣ ಸದ್ದು ಕೇಳುತ್ತಿತ್ತು, ಅಥವಾ ಎಲ್ಲರಿಗೂ ಕೇಳಿದ ಹಾಗಾಯಿತು ಎಂದು ಶೀಲಕ್ಕ ಹೇಳುತ್ತಾರೆ. ಚನಿಯಪ್ಪಣ್ಣ ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋದರು. ಲೋಟ ಎತ್ತಿ ಮೊದಲು ತಾವು ಒಂದು ಗುಟುಕು ಕುಡಿದರು. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು, "ನೀರಿಗೆ ಸಿಟ್ಟು ಬಂದ ಹಾಗೆ ಉಂಟು" ಎಂದರು. ಹುಳಿದದ್ದೇ ಹೌದು, ಅಮಲೂ ಇದೆ, ಕ್ರಮಕ್ಕೆ ಸರಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಉಲ್ಲಾಸನ ಕಡೆ ಹಿಡಿದರು. ಉಲ್ಲಾಸ್ ಎರಡೂ ಕೈಯಲ್ಲಿ ತೆಗೆದುಕೊಂಡ. ಕಣ್ಣಿಗೆ ಒತ್ತಿಕೊಂಡು ಕುಡಿದು, ಲೋಟದಲ್ಲಿ ಒಂದಿಷ್ಟು ಉಳಿಸಿ ದೊಡ್ಡಪ್ಪನಿಗೇ ಮರಳಿ ಕೊಟ್ಟ.

ಬಂದ ಗಂಡಸರಿಗೆಲ್ಲ ಒಂದೊಂದು ಸಣ್ಣ ಲೋಟ ಸಿಕ್ಕಿತು, ಮುಗಿಯಿತು. ಜಗಲಿಯಲ್ಲಿ ಕೂರಲು ಏನೂ ಇರಲಿಲ್ಲ. ಇನ್ನೆಂತ, ಉಣ್ಣುವ ಎಂದು ಒಬ್ಬರು ಎದ್ದರು. ಸಾರಿನ ಬಿಸಿ ಹೋಗುವ ಮೊದಲೇ ಗಂಡಸರು, ಹೆಂಗಸರು, ಮಕ್ಕಳು ಒಂದೇ ಸಾಲಿನಲ್ಲಿ ಎಲೆಗೆ ಕೂತರು. ಆ ಮನೆಯಲ್ಲಿ ಹಾಗೆ ಕೂತದ್ದು ಅಂದೇ ಮೊದಲು. ಉಲ್ಲಾಸ್ ರೊಟ್ಟಿ ಬಡಿಸುತ್ತ ಓಡಾಡಿದ.

ಅವನು ಮತ್ತೆ ಎಂದೂ ಕುಡಿಯಲಿಲ್ಲ ಎಂದು ನಾನು ಬರೆದರೆ ಶೀಲಕ್ಕ ಒಪ್ಪುವುದಿಲ್ಲ. ಕಾಣದ್ದನ್ನು ಬರೆಯಬೇಡಿ ಅಕ್ಕ ಎಂದು ಮೊದಲೇ ಹೇಳಿದ್ದಾರೆ. ಅವರು ಕಂಡದ್ದು ಇಷ್ಟು. ಸಂಜೆ ಅವನು ನೇರ ಮನೆಗೆ ಬರುವ ದಿನಗಳು ಹೆಚ್ಚಾಗಿವೆ. ಬಾರದ ದಿನ ಅಪ್ಪನ ಹೆಸರು ಎತ್ತಿ ಎದುರುತ್ತರ ಕೊಡುವುದಿಲ್ಲ. ಆ ಆಟಿಯ ನಂತರ ಅಂಗಡಿಯ ಬ್ರಾಂಡಿ ಹೊಸ್ತಿಲು ದಾಟಿಲ್ಲ. ಮೊನ್ನೆ ಮಿಲ್ಲಿನಲ್ಲಿ ನನ್ನ ಅಕ್ಕಿ ಹುಡಿಯಾಗುತ್ತಿರುವಾಗ ಚನಿಯಪ್ಪಣ್ಣನ ಫೋನು ಬಂತು. ಈ ಸಲ ಇಚಿಲಂಪಾಡಿಯ ಮನೆಯ ಎಲೆಗಳಿಗೂ ಮಾಡಬೇಕಂತೆ, ಭರಣಿ ಯಾವಾಗ ಇಡುವುದು ಎಂದು ಕೇಳಲು. ಶೀಲಕ್ಕ ಮೋಟರು ನಿಲ್ಲಿಸದೆ, ಗದ್ದಲದ ಮೇಲೆ ಸ್ವರ ಏರಿಸಿ ಉತ್ತರ ಕೊಟ್ಟರು.

ಎಲೆ ಬಡಿಸಿದ ಆ ದಿನದ ಒಂದು ವಿಷಯ ಮಾತ್ರ ಶೀಲಕ್ಕ ತಾವಾಗಿ ಹೇಳಿದ್ದಲ್ಲ, ಭವಿತಾ ಹೇಳಿದ್ದು. ಊಟಕ್ಕೆ ಕೂರುವ ಮೊದಲು ಚನಿಯಪ್ಪಣ್ಣ, ಉಲ್ಲಾಸ್ ಉಳಿಸಿ ಕೊಟ್ಟ ಲೋಟವನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರಂತೆ. ಹಿರಿಯರ ಎಲೆಯ ಆ ಪ್ರಸಾದ ಅಲ್ಲಿಯ ತನಕ ಹೆಂಗಸರಿಗೆ ಸಂದದ್ದಿಲ್ಲ.

"ಮಾಡಿದವಳು ನೀನು. ಹಿಡಿ" ಎಂದರಂತೆ.

ಶೀಲಕ್ಕ ಕೈ ತೊಳೆದು, ಸೆರಗು ತಲೆಗೆ ಎಳೆದುಕೊಂಡು, ಬೊಗಸೆ ಒಡ್ಡಿದರು.